ದುಷ್ಟಪ್ರಶ್ನೆಗಳ ಪರಿಶೋಧನೆ: ಮಹಾವೀರಾಚಾರ್ಯನಿಂದ ಗಣಕಯಂತ್ರದವರೆಗೆ

ಕಣ್ಣಿದ್ದವರು ಕನಕಗಿರಿಯನ್ನು ನೋಡಬೇಕು, ಕಾಲಿದ್ದವರು ಹಂಪೆಯನ್ನು ನೋಡಬೇಕು ಎಂಬುದು ನಮ್ಮ ನಾಡಿನಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಮಾತು. ಕನಕಾಚಲಪತಿಯ ದೇವಾಲಯವನ್ನೂ ಊರ ಹೊರಗಿನ ವೆಂಕಟಪ್ಪನ ಬಾವಿಯನ್ನೂ ಕಂಡವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಬಾವಿಯ ದಂಡೆಯ ಮೇಲೆ ನಿಂತ ಭೌತವಿಜ್ಞಾನದ ಉಪಾಧ್ಯಾಯನಿಗೆ ಒಂದು ಲೆಕ್ಕ ಹೊಳೆಯುವುದು ಸಹಜ: ಇಂಥ ಬಾವಿಯೊಳಕ್ಕೆ ಕಲ್ಲೊಂದನ್ನು ಬಿಟ್ಟರೆ ಅದು ನೀರನ್ನು ಮುಟ್ಟಲು ಎಷ್ಟು ಹೊತ್ತು ಬೇಕು? ನೀರು 20 ಮೀಟರು ಕೆಳಗಿದೆಯೆಂದು ಇಟ್ಟುಕೊಂಡರೆ ಸುಮಾರು 2 ಸೆಕೆಂಡು ಎಂದು ಉತ್ತರ ಬರುತ್ತದೆ. ಈಗ ಇದೇ ಲೆಕ್ಕವನ್ನು ಗಣಕಯಂತ್ರಕ್ಕೆ ಒಪ್ಪಿಸಿ, ಆಳವನ್ನು ಮಾತ್ರ ಪ್ರತಿಯೊಬ್ಬ ವಿದ್ಯಾರ್ಥಿಗೂ ಬೇರೆ ಬೇರೆಯಾಗಿ ತುಂಬೆಂದು ವಿಧಿಸೋಣ. ಯಂತ್ರವು ಒಬ್ಬನಿಗೆ 12 ಮೀಟರನ್ನೂ ಇನ್ನೊಬ್ಬನಿಗೆ 31 ಮೀಟರನ್ನೂ ಕೊಡುತ್ತದೆ. ನಾವು ಎಲ್ಲೆಯನ್ನು ಹಾಕುವುದನ್ನು ಮರೆತಿದ್ದರೆ ಮೂರನೆಯವನಿಗೆ 500 ಮೀಟರನ್ನೂ ಕೊಡುತ್ತದೆ. ಬಾವಿಯನ್ನು ಕಣ್ಣಾರೆ ಕಂಡ ಹುಡುಗನು ನಗುತ್ತಾನೆ, ಕಾಣದವನು ನಂಬುತ್ತಾನೆ. ಯಂತ್ರವಾದರೋ ನಗುವುದೂ ಇಲ್ಲ, ನಂಬುವುದೂ ಇಲ್ಲ.

ಅಚ್ಚಿನಲ್ಲಿ ಎರಕ ಹೊಯ್ದಂತೆ ಒಂದೇ ಪ್ರಶ್ನೆಯಿಂದ ನೂರಾರು ಪ್ರಶ್ನೆಗಳನ್ನು ತೆಗೆಯುವ ಈ ಪದ್ಧತಿಯು ಇಂದು ಕಾಲೇಜುಗಳ ಗೃಹಪಾಠದಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿದೆ. ಇಂಥ ಪ್ರಶ್ನೆಗಳ ಗುಣದೋಷಗಳನ್ನು ಪರಿಶೋಧಿಸುವ ಕಾರ್ಯವು ಹೊಸತೆಂದು ಅನೇಕರು ಭಾವಿಸಿದ್ದಾರೆ. ಆದರೆ ಅದರ ಮೂಲತತ್ತ್ವಗಳು ಹೊಸವಲ್ಲ. ಕನ್ನಡನಾಡಿನ ಮತ್ತು ಅದರ ನೆರೆಯ ಗಣಿತಜ್ಞರು ಒಂಬತ್ತನೆಯ ಶತಮಾನದಿಂದ ಹನ್ನೆರಡನೆಯ ಶತಮಾನದವರೆಗಿನ ಕಾಲದಲ್ಲಿ ಅವುಗಳನ್ನು ಸ್ಪಷ್ಟವಾಗಿ ಗುರುತಿಸಿದ್ದರು. ಈ ಸಂಗತಿಯನ್ನು ವಾಚಕರ ಮುಂದಿಡುವುದೂ, ಇಂದಿನ ಉಪಾಧ್ಯಾಯರಿಗೆ ಅದರಿಂದ ಆಗಬಹುದಾದ ಪ್ರಯೋಜನವನ್ನು ವಿಚಾರಿಸುವುದೂ ಪ್ರಕೃತ ಲೇಖನದ ಉದ್ದೇಶ.

ಕನಕಗಿರಿಯನ್ನು ಒಳಗೊಂಡಿರುವ ಕೊಪ್ಪಳ ಸೀಮೆಗೆ ಈ ಕಥೆಯೊಡನೆ ಹತ್ತಿರದ ಸಂಬಂಧವುಂಟು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡಿನ ಎಲ್ಲೆಗಳನ್ನು ಹೇಳುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣ ನಗರವೂ ಒಂದು. ಆ ಕೊಪಣವೇ ಇಂದಿನ ಕೊಪ್ಪಳ. ಜೈನರಿಗೆ ಅದು ಮಹಾತೀರ್ಥವಾಗಿತ್ತು. ಅದೇ ನೃಪತುಂಗನನ್ನು ಗ್ರಂಥಾರಂಭದಲ್ಲಿ ಸ್ತುತಿಸಿ, ಸುಮಾರು 850ರಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದವನು ಜೈನ ಪಂಡಿತನಾದ ಮಹಾವೀರಾಚಾರ್ಯ. ಈ ಗ್ರಂಥವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದವು ಹೊಂಬುಜದಿಂದ ಹೊರಬಂದಿತು. ಕನ್ನಡ ಭಾಷೆಯ ಲಕ್ಷಣವನ್ನು ನಿರೂಪಿಸಿದ ಕಾಲದಲ್ಲಿಯೇ ಲೆಕ್ಕದ ಲಕ್ಷಣವನ್ನು ನಿರೂಪಿಸುವ ಗ್ರಂಥವೂ ಅದೇ ರಾಜಾಶ್ರಯದ ಪರಿಸರದಲ್ಲಿ ಹುಟ್ಟಿತೆಂಬುದು ಗಮನಾರ್ಹವಾಗಿದೆ.

ಮಹಾವೀರಾಚಾರ್ಯನ ಗ್ರಂಥವು ಕೇವಲ ಸೂತ್ರಗಳ ಸಂಗ್ರಹವಲ್ಲ. ಸೂತ್ರವನ್ನು ಹೇಳಿದ ಮೇಲೆ ಉದ್ದೇಶಕವೆಂಬ ಹೆಸರಿನಿಂದ ಅಭ್ಯಾಸದ ಲೆಕ್ಕಗಳನ್ನು ಕೊಡುತ್ತ ಹೋಗುವುದು ಅವನ ಕ್ರಮ. ಸೂತ್ರವೊಂದೇ, ಲೆಕ್ಕಗಳು ಹಲವು. ಲೆಕ್ಕದ ಚೌಕಟ್ಟು ಒಂದೇ, ಸಂಖ್ಯೆಗಳು ಬೇರೆ. ಓಲೆಯ ಗರಿಯನ್ನು ಮುಂದಿಟ್ಟುಕೊಂಡು ಪಾಠ ಹೇಳುತ್ತಿದ್ದ ಗುರುವು ತನ್ನ ಶಿಷ್ಯನಿಗೆ ಗ್ರಂಥದಲ್ಲಿಲ್ಲದ ಹೊಸ ಲೆಕ್ಕವನ್ನು ಹೇಳಬೇಕಾದರೆ, ಚೌಕಟ್ಟನ್ನು ಹಾಗೆಯೇ ಉಳಿಸಿಕೊಂಡು ಸಂಖ್ಯೆಗಳನ್ನು ಬದಲಿಸುವುದೇ ಸುಲಭವಾದ ದಾರಿ. ಈ ದಾರಿಯಲ್ಲಿ ಅಪಾಯವೂ ಉಂಟು. ಹಳೆಯ ಸಂಖ್ಯೆಗಳಿಗೆ ಹೊಂದುತ್ತಿದ್ದ ಪ್ರಶ್ನೆಯು ಹೊಸ ಸಂಖ್ಯೆಗಳಿಗೆ ಹೊಂದದೆ ಹೋಗಬಹುದು.

ಈ ಅಪಾಯವನ್ನು ತಪ್ಪಿಸುವ ಒಂದು ಉಪಾಯವು ಗಣಿತಸಾರಸಂಗ್ರಹದ ಕ್ಷೇತ್ರಗಣಿತ ಪ್ರಕರಣದಲ್ಲಿ ಜನ್ಯವ್ಯವಹಾರವೆಂಬ ಹೆಸರಿನಿಂದ ಬಂದಿದೆ. ಜನ್ಯವೆಂದರೆ ಹುಟ್ಟಿಸಿದ್ದು. ಎರಡು ಸಂಖ್ಯೆಗಳನ್ನು ಬೀಜಗಳೆಂದು ತೆಗೆದುಕೊಂಡು, ಅವುಗಳಿಂದ ಭುಜ, ಕೋಟಿ, ಕರ್ಣಗಳನ್ನು ಪಡೆಯುವ ವಿಧಾನವಿದು. ಎರಡು ಬೀಜಗಳ ವರ್ಗಗಳ ವ್ಯತ್ಯಾಸ ಒಂದು ಬದಿ. ಅವುಗಳ ಗುಣಲಬ್ಧದ ಇಮ್ಮಡಿ ಮತ್ತೊಂದು ಬದಿ. ವರ್ಗಗಳ ಮೊತ್ತ ಕರ್ಣ. 2 ಮತ್ತು 1ನ್ನು ಬೀಜಗಳಾಗಿ ಹಿಡಿದರೆ 3, 4, 5 ಬರುತ್ತವೆ. 3 ಮತ್ತು 2ನ್ನು ಹಿಡಿದರೆ 5, 12, 13 ಬರುತ್ತವೆ. ಹೀಗೆ ಹುಟ್ಟಿದ ಆಕೃತಿಯಲ್ಲಿ ದೋಷವು ಬರುವ ಸಂಭವವೇ ಇಲ್ಲ. ಏಕೆಂದರೆ ಅದರ ಹುಟ್ಟಿನಲ್ಲಿಯೇ ನಿಯಮವು ಸೇರಿಕೊಂಡಿದೆ. ಗುರುವು ಬೀಜಗಳನ್ನು ಮನಬಂದಂತೆ ಬದಲಿಸಬಹುದು. ಪ್ರಶ್ನೆಯು ಪ್ರತಿಸಲವೂ ಶುದ್ಧವಾಗಿಯೇ ಇರುತ್ತದೆ, ಉತ್ತರವೂ ಪೂರ್ಣಾಂಕವಾಗಿಯೇ ಬರುತ್ತದೆ. ಮೊದಲು ದತ್ತಾಂಶಗಳನ್ನು ಆರಿಸಿ ಆಮೇಲೆ ಉತ್ತರವನ್ನು ಹುಡುಕುವ ಬದಲು, ಉತ್ತರಕ್ಕೂ ದತ್ತಾಂಶಕ್ಕೂ ಸಮಾನವಾದ ಮೂಲವನ್ನು ಆರಿಸುವ ಈ ಕ್ರಮವನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಕೋರುತ್ತೇವೆ.

ಹನ್ನೆರಡನೆಯ ಶತಮಾನದಲ್ಲಿ ಪೂವಿನಬಾಗೆಯ ರಾಜಾದಿತ್ಯನು ಗಣಿತವನ್ನು ಕನ್ನಡಕ್ಕೆ ತಂದನು. ವ್ಯವಹಾರಗಣಿತ, ಕ್ಷೇತ್ರಗಣಿತ, ಜೈನಗಣಿತಸೂತ್ರಟೀಕೋದಾಹರಣ ಮೊದಲಾದುವು ಅವನ ಗ್ರಂಥಗಳು. ಈ ಕೊನೆಯ ಹೆಸರಿನಲ್ಲಿಯೇ ಪಾಠದ ಮೂರು ಅಂಗಗಳು ಅಡಗಿವೆ: ಸೂತ್ರ, ಟೀಕೆ ಮತ್ತು ಉದಾಹರಣ. ಉದಾಹರಣವಿಲ್ಲದ ಸೂತ್ರವು ಕುಂಟು. ಟೀಕೆಯಿಲ್ಲದ ಉದಾಹರಣವು ಕುರುಡು. ಉದಾಹರಣವನ್ನು ವಿಮರ್ಶಿಸುವ ಕಣ್ಣೇ ಟೀಕೆ.

ಆದರೆ ದೋಷಯುಕ್ತವಾದ ಪ್ರಶ್ನೆಗಳನ್ನು ನೇರವಾಗಿ ಹೆಸರಿಸಿ ವರ್ಗೀಕರಿಸಿದ ಕೀರ್ತಿಯು ಭಾಸ್ಕರಾಚಾರ್ಯನಿಗೆ ಸಲ್ಲತಕ್ಕದ್ದು. 1114ರಲ್ಲಿ ಜನಿಸಿದ ಈತನು 1150ರಲ್ಲಿ, ತನ್ನ 36ನೆಯ ವಯಸ್ಸಿನಲ್ಲಿ, ಸಿದ್ಧಾಂತಶಿರೋಮಣಿಯನ್ನು ರಚಿಸಿದನು. ಲೀಲಾವತಿ ಮತ್ತು ಬೀಜಗಣಿತಗಳು ಅದರ ಭಾಗಗಳು. ಇವೆರಡರಲ್ಲಿ ನಾಲ್ಕು ಬಗೆಯ ಪ್ರಶ್ನದೋಷಗಳು ನಮಗೆ ಕಾಣಸಿಗುತ್ತವೆ.

ಮೊದಲನೆಯದು ಅಕ್ಷೇತ್ರ. ತ್ರಿಭುಜದ ಬದಿಗಳು 3, 6, 9 ಎಂದೋ, ಚತುರ್ಭುಜದ ಬದಿಗಳು 2, 3, 6, 12 ಎಂದೋ ಒಬ್ಬನು ಹೇಳಿದರೆ, ಅಂಥ ಆಕೃತಿಯೇ ಇರಲಾರದೆಂದು ಭಾಸ್ಕರನು ತೀರ್ಮಾನಿಸುತ್ತಾನೆ. ಒಂದು ಬದಿಯು ಉಳಿದ ಬದಿಗಳ ಮೊತ್ತಕ್ಕೆ ಸಮವಾಗಿದ್ದರೆ ಅಥವಾ ಅದಕ್ಕಿಂತ ದೊಡ್ಡದಾಗಿದ್ದರೆ ಅದು ಕ್ಷೇತ್ರವಲ್ಲ. ಇಲ್ಲಿ 3 ಮತ್ತು 6 ಕೂಡಿ 9 ಆಗುತ್ತದೆ. 2, 3, 6 ಕೂಡಿದರೂ 11ನ್ನು ಮೀರುವುದಿಲ್ಲ. ಸಂಶಯವಿರುವವನಿಗೆ ಅಷ್ಟಷ್ಟು ಉದ್ದದ ನೆಟ್ಟನೆಯ ಕಡ್ಡಿಗಳನ್ನು ನೆಲದ ಮೇಲೆ ಜೋಡಿಸಿ ತೋರಿಸಬೇಕೆಂದು ಆತನು ವಿವರಣೆಯಲ್ಲಿ ಸೂಚಿಸಿದ್ದಾನೆ. ಇದು ಪ್ರಯೋಗದ ಮೂಲಕ ಪ್ರಶ್ನೆಯನ್ನು ಪರೀಕ್ಷಿಸುವ ವಿಧಾನವಲ್ಲದೆ ಬೇರೆಯಲ್ಲ.

ಎರಡನೆಯದು ಸಾಲದ ದತ್ತಾಂಶ. ಚತುರ್ಭುಜದ ನಾಲ್ಕು ಬದಿಗಳನ್ನು ಮಾತ್ರ ಹೇಳಿ, ಕರ್ಣವನ್ನಾಗಲಿ ಲಂಬವನ್ನಾಗಲಿ ಹೇಳದೆ, ನಿಯತವಾದ ಕ್ಷೇತ್ರಫಲವನ್ನು ಕೇಳುವುದು ಅಸಂಗತವೆಂದು ಭಾಸ್ಕರನು ತೋರಿಸುತ್ತಾನೆ. ಬದಿಗಳು ಅವೇ ಇದ್ದರೂ ಚೌಕಟ್ಟನ್ನು ಒಂದು ಕಡೆಗೆ ವಾಲಿಸಿದರೆ ಫಲವು ಬದಲಾಗುತ್ತದೆ. ಇಂಥ ಪ್ರಶ್ನೆಯನ್ನು ಕೇಳುವವನನ್ನು ಆತನು ಪಿಶಾಚನೆಂದು ಕರೆಯಲೂ ಹಿಂಜರಿಯಲಿಲ್ಲ. ಅದಕ್ಕೆ ಉತ್ತರ ಕೊಡುವವನು ಅವನಿಗಿಂತಲೂ ಮಿಗಿಲೆಂಬುದು ಆತನ ಅಭಿಪ್ರಾಯ.

ಮೂರನೆಯದು ದುಷ್ಟಪ್ರಶ್ನೆ. ಕುಟ್ಟಕ ಪ್ರಕರಣದಲ್ಲಿ ಈ ಮಾತು ಬರುತ್ತದೆ. ಯಾವ ಸಂಖ್ಯೆಯನ್ನು 4ರಿಂದ ಗುಣಿಸಿ 3ನ್ನು ಕೂಡಿಸಿ 6ರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ ಎಂದು ಕೇಳಿದರೆ, ಉತ್ತರವು ಎಂದಿಗೂ ಸಿಗದು. 4ರಿಂದ ಗುಣಿಸಿದ್ದು ಸಮಸಂಖ್ಯೆ, 3ನ್ನು ಕೂಡಿಸಿದೊಡನೆ ಅದು ಬೆಸಸಂಖ್ಯೆಯಾಗುತ್ತದೆ. ಭಾಜ್ಯಹಾರಗಳಿಗೆ ಸಮಾನವಾದ ಅಪವರ್ತನವು ಕ್ಷೇಪವನ್ನು ಭಾಗಿಸದಿದ್ದರೆ ಪ್ರಶ್ನೆಯೇ ದುಷ್ಟವೆಂದು ಭಾಸ್ಕರನು ನಿಯಮವನ್ನು ಕೊಟ್ಟಿದ್ದಾನೆ. ಲೆಕ್ಕವನ್ನು ಮಾಡಲಾರದವನು ಮೂಢನಲ್ಲ, ಲೆಕ್ಕವೇ ಕೆಟ್ಟದ್ದು ಎಂಬ ಈ ತೀರ್ಪು ಶಿಕ್ಷಣದ ಇತಿಹಾಸದಲ್ಲಿ ದೊಡ್ಡ ಮಾತು.

ನಾಲ್ಕನೆಯದು ಅನುಪಪನ್ನವಾದ ಉತ್ತರ. ಕಪಿಗಳ ಗುಂಪಿನ ಐದನೆಯ ಒಂದು ಭಾಗದಲ್ಲಿ ಮೂರನ್ನು ಕಳೆದು ವರ್ಗಿಸಿದಷ್ಟು ಕಪಿಗಳು ಗುಹೆಯನ್ನು ಹೊಕ್ಕವು, ಒಂದು ಮಾತ್ರ ಕೊಂಬೆಯ ಮೇಲೆ ಕಂಡಿತು, ಒಟ್ಟು ಎಷ್ಟು ಎಂಬ ಬೀಜಗಣಿತದ ಲೆಕ್ಕಕ್ಕೆ 50 ಮತ್ತು 5 ಎಂಬ ಎರಡು ಉತ್ತರಗಳು ಬರುತ್ತವೆ. 5ರ ಐದನೆಯ ಒಂದು ಭಾಗ 1. ಅದರಲ್ಲಿ 3ನ್ನು ಕಳೆದರೆ ಋಣರಾಶಿ. ಆದ್ದರಿಂದ ಎರಡನೆಯ ಉತ್ತರವು ಗ್ರಾಹ್ಯವಲ್ಲವೆಂದೂ, ಎದುರಿಗೆ ಕಾಣುವ ಋಣರಾಶಿಯಲ್ಲಿ ಜನಕ್ಕೆ ನಂಬಿಕೆಯಿಲ್ಲವೆಂದೂ ಆತನು ಹೇಳುತ್ತಾನೆ. ಸಮೀಕರಣಕ್ಕೆ ಒಪ್ಪಿಗೆಯಾದುದೆಲ್ಲ ಲೋಕಕ್ಕೆ ಒಪ್ಪಿಗೆಯಾಗಬೇಕಾಗಿಲ್ಲ ಎಂಬುದೇ ಇದರ ತಾತ್ಪರ್ಯ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಗಣಕಯಂತ್ರದ ಕಡೆಗೆ ತಿರುಗೋಣ. ಯಂತ್ರದಿಂದ ಪಾಠವನ್ನು ನಡೆಸುವ ಪ್ಲೇಟೊ ಎಂಬ ವ್ಯವಸ್ಥೆಯು 1960ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಆರಂಭವಾಯಿತು. 1992ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿಗಳು ಕಾಪಾ ಎಂಬ ವ್ಯವಸ್ಥೆಯನ್ನು ಬಳಕೆಗೆ ತಂದು, ಪ್ರತಿ ವಿದ್ಯಾರ್ಥಿಗೂ ಬೇರೆ ಬೇರೆ ಸಂಖ್ಯೆಗಳುಳ್ಳ ಗೃಹಪಾಠವನ್ನು ಕೊಡತೊಡಗಿದರು. 1997ರಲ್ಲಿ ನಾರ್ತ್ ಕ್ಯಾರೊಲಿನ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ವೆಬ್‌ಅಸೈನ್ ಹುಟ್ಟಿತು. 2002ರಲ್ಲಿ ಆಸ್ಟ್ರೇಲಿಯದಿಂದ ಹೊರಬಂದ ಮೂಡಲ್ ಉಚಿತವಾದುದರಿಂದ ಭಾರತದ ಕಾಲೇಜುಗಳಲ್ಲಿಯೂ ಹರಡಿತು. ಸೂತ್ರವನ್ನೂ ಪ್ರತಿ ಚರದ ಕನಿಷ್ಠ ಗರಿಷ್ಠಗಳನ್ನೂ ಉಪಾಧ್ಯಾಯನು ಕೊಟ್ಟರೆ ಸಂಖ್ಯೆಗಳನ್ನು ಅದೇ ತುಂಬಿಕೊಳ್ಳುತ್ತದೆ. ಒಬ್ಬರ ಉತ್ತರವನ್ನು ಇನ್ನೊಬ್ಬರು ನಕಲು ಮಾಡಬಾರದು, ವಿಧಾನವನ್ನು ಮಾತ್ರ ಚರ್ಚಿಸಬೇಕು ಎಂಬುದು ಇದರ ಹಿಂದಿನ ಸದುದ್ದೇಶ.

ಸಂಖ್ಯೆಗಳನ್ನು ಆರಿಸುವ ಬಗೆಯೂ ಕುತೂಹಲಕರವಾಗಿದೆ. ಯಂತ್ರಕ್ಕೆ ಕವಡೆಯನ್ನೆಸೆಯುವ ಕೈಯಿಲ್ಲ. 1949ರಲ್ಲಿ ಲೆಹ್ಮರನು ಸೂಚಿಸಿದ ವಿಧಾನದಲ್ಲಿ, ಒಂದು ಸಂಖ್ಯೆಯನ್ನು ನಿಯತವಾದ ಗುಣಕದಿಂದ ಗುಣಿಸಿ, ನಿಯತವಾದ ಹಾರದಿಂದ ಭಾಗಿಸಿ, ಶೇಷವನ್ನು ಮುಂದಿನ ಸಂಖ್ಯೆಯೆಂದು ಹಿಡಿಯಲಾಗುತ್ತದೆ; ಗುಣಿಸಿದ ಮೇಲೆ ಕ್ಷೇಪವನ್ನು ಕೂಡಿಸುವ ಕ್ರಮವು ಆಮೇಲೆ ಬಂದಿತು. ಗುಣಕ, ಕ್ಷೇಪ, ಹಾರ, ಶೇಷ ಎಂಬ ಈ ನಾಲ್ಕೂ ಕುಟ್ಟಕದ ಪರಿಭಾಷೆಗಳೆಂಬುದನ್ನು ಹೇಳಬೇಕಾಗಿಲ್ಲ. ಆರಂಭದ ಸಂಖ್ಯೆಗೆ ಇಂದಿನ ಗಣಕಶಾಸ್ತ್ರಜ್ಞರು ಇಟ್ಟಿರುವ ಹೆಸರಿನ ಅರ್ಥವೂ ಬೀಜವೇ. ಒಂದು ಕಾಲದವರು ಇನ್ನೊಂದು ಕಾಲದವರಿಂದ ಎರವಲು ಪಡೆದರೆಂದು ನಾವು ಹೇಳುತ್ತಿಲ್ಲ. ಒಂದೇ ಕಾರ್ಯಕ್ಕೆ ತೊಡಗಿದ ಬುದ್ಧಿಗಳು ಒಂದೇ ಉಪಮೆಯನ್ನು ಕಂಡುಕೊಂಡವು ಎಂದಷ್ಟೇ ಹೇಳುತ್ತೇವೆ. ಬೀಜವು ತಿಳಿದಿದ್ದರೆ ಅದೇ ಪ್ರಶ್ನೆಯನ್ನು ಮತ್ತೆ ಹುಟ್ಟಿಸಿ ನೋಡಬಹುದು. ವಿದ್ಯಾರ್ಥಿಯು ದೂರು ತಂದಾಗ ಅವನಿಗೆ ಬಂದ ಪ್ರಶ್ನೆಯನ್ನೇ ತೆರೆದು ಪರೀಕ್ಷಿಸಲು ಇದರಿಂದ ಅನುಕೂಲವಾಗುತ್ತದೆ.

ಭಾಸ್ಕರನು ಹೇಳಿದ ದೋಷಗಳು ಯಂತ್ರದ ಭೌತವಿಜ್ಞಾನ ಪ್ರಶ್ನೆಗಳಲ್ಲಿ ಹೇಗೆ ಮರಳಿ ಕಾಣಿಸಿಕೊಳ್ಳುತ್ತವೆಂಬುದನ್ನು ಕೆಲವು ಉದಾಹರಣೆಗಳಿಂದ ವಿಶದಪಡಿಸಬಹುದು. ನೆಲದಿಂದ ಮೇಲಕ್ಕೆಸೆದ ಚೆಂಡು ಕೊಟ್ಟ ಎತ್ತರವನ್ನು ಯಾವಾಗ ಮುಟ್ಟುತ್ತದೆ ಎಂಬುದು ಪ್ರಶ್ನೆಯ ಅಚ್ಚು. ವೇಗವು ಸೆಕೆಂಡಿಗೆ 12 ಮೀಟರು, ಎತ್ತರವು 6 ಮೀಟರು ಆಗಿದ್ದರೆ ಬಾಧಕವಿಲ್ಲ. ವೇಗದ ವರ್ಗವು 144, ಬೇಕಾದದ್ದು 117.6. ಯಂತ್ರವು ವೇಗವನ್ನು 10 ಎಂದು ತುಂಬಿದರೆ ವರ್ಗವು 100. ಚೆಂಡು ಆ ಎತ್ತರವನ್ನು ಮುಟ್ಟುವುದೇ ಇಲ್ಲ. ಋಣರಾಶಿಗೆ ವರ್ಗಮೂಲವಿಲ್ಲವೆಂದು ಮಹಾವೀರಾಚಾರ್ಯನು ಹೇಳಿದ್ದ ಸ್ಥಳಕ್ಕೆ ವಿದ್ಯಾರ್ಥಿಯು ಬಂದು ನಿಲ್ಲುತ್ತಾನೆ. ಇದು ಅಕ್ಷೇತ್ರ.

ಇಳಿಜಾರು ಹಲಗೆಯ ಮೇಲಿಟ್ಟ ದಿಮ್ಮಿಯ ವೇಗೋತ್ಕರ್ಷವನ್ನು ಕೇಳುವ ಪ್ರಶ್ನೆಯಲ್ಲಿ ಕೋನ 20 ಡಿಗ್ರಿ, ಘರ್ಷಣಾಂಕ 0.5 ಎಂದು ಬಂದರೆ ಸೂತ್ರವು ಸುಮಾರು -1.25 ಎಂಬ ಉತ್ತರವನ್ನು ಕೊಡುತ್ತದೆ. ಸುಮ್ಮನೆ ಇಟ್ಟ ದಿಮ್ಮಿಯು ತಾನಾಗಿ ಮೇಲಕ್ಕೆ ಏರತೊಡಗಿತೆಂದು ಇದರ ಅರ್ಥವಾಗುತ್ತದೆ! ವಾಸ್ತವದಲ್ಲಿ ಅದು ಅಲುಗುವುದೇ ಇಲ್ಲ. ಇನ್ನೂ ವಿಲಕ್ಷಣವಾದದ್ದು ಮಂಜುಗಡ್ಡೆಯ ಲೆಕ್ಕ. 40 ಡಿಗ್ರಿಯ 100 ಗ್ರಾಂ ನೀರಿಗೆ ಸೊನ್ನೆ ಡಿಗ್ರಿಯ 20 ಗ್ರಾಂ ಮಂಜುಗಡ್ಡೆಯನ್ನು ಹಾಕಿದರೆ ಮಿಶ್ರಣವು 20 ಡಿಗ್ರಿಗೆ ಬಂದು ನಿಲ್ಲುತ್ತದೆ, ಲೆಕ್ಕವು ಚೊಕ್ಕಟವಾಗಿದೆ. ಅದೇ ಅಚ್ಚಿನಲ್ಲಿ ಮಂಜುಗಡ್ಡೆ 100 ಗ್ರಾಂ, ನೀರು 50 ಗ್ರಾಂ ಎಂದು ತುಂಬಿದರೆ ಸೂತ್ರವು ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಉಷ್ಣತೆಯನ್ನು ಹೇಳುತ್ತದೆ. ಉಗುರುಬೆಚ್ಚನೆಯ ನೀರನ್ನು ಹೊಯ್ದು ಮಂಜನ್ನು ಇನ್ನಷ್ಟು ತಣ್ಣಗೆ ಮಾಡುವ ವಿದ್ಯೆ ಯಾರಿಗೂ ತಿಳಿಯದು. ನಿಜವಾಗಿ ಆಗುವುದೇನೆಂದರೆ, ನೀರಿನಲ್ಲಿದ್ದ 2000 ಕ್ಯಾಲೊರಿ ಉಷ್ಣವು 25 ಗ್ರಾಂ ಮಂಜನ್ನು ಮಾತ್ರ ಕರಗಿಸಿ, ಎಲ್ಲವೂ ಸೊನ್ನೆ ಡಿಗ್ರಿಯಲ್ಲಿ ನಿಲ್ಲುತ್ತದೆ. ಸರಿಯಾಗಿ ವಿಚಾರ ಮಾಡಿ ಸೊನ್ನೆಯೆಂದು ಬರೆದ ವಿದ್ಯಾರ್ಥಿಗೆ ಯಂತ್ರವು ತಪ್ಪೆಂದು ಗುರುತು ಹಾಕುತ್ತದೆ. ವಿಚಾರವಿಲ್ಲದೆ ಸೂತ್ರಕ್ಕೆ ಅಂಕಿಗಳನ್ನು ತುಂಬಿದವನಿಗೆ ಪೂರ್ಣ ಅಂಕಗಳು ದೊರೆಯುತ್ತವೆ. ಪ್ರಶ್ನೆಯ ದೋಷವು ಇಲ್ಲಿ ಬುದ್ಧಿಯನ್ನೇ ದಂಡಿಸುತ್ತದೆ.

ಸಂಖ್ಯೆಗಳು ಗಣಿತಕ್ಕೆ ಒಪ್ಪಿದರೂ ಲೋಕಕ್ಕೆ ಒಪ್ಪದಿರುವ ಪ್ರಸಂಗವೂ ಉಂಟು. ಮುನಿರಾಬಾದಿನ ಬಳಿಯ ತುಂಗಭದ್ರಾ ಅಣೆಕಟ್ಟು ಸುಮಾರು 49 ಮೀಟರು ಎತ್ತರವಾಗಿದೆ. ಅದರ ಎಡದಂಡೆಯ ಕಾಲುವೆಯಿಂದ ಗಂಗಾವತಿಯ ಬತ್ತದ ಗದ್ದೆಗಳಿಗೆ ನೀರು ಹರಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅದರ 33 ತೂಬುಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ನೀರಿನ ಒತ್ತಡವೆಂದರೇನೆಂಬುದನ್ನು ಈ ಸೀಮೆಯ ರೈತರು ಪುಸ್ತಕವಿಲ್ಲದೆಯೇ ಅರಿತರು. ಇಂಥ ಅಣೆಕಟ್ಟಿನ ಹೆಸರನ್ನು ಹೇಳಿ, ನೀರಿನ ಆಳ 300 ಮೀಟರೆಂದು ಕೊಟ್ಟು, ತಳದ ಒತ್ತಡವನ್ನು ಕೇಳುವ ಪ್ರಶ್ನೆಯು ಗಣಿತದಲ್ಲಿ ನಿರ್ದುಷ್ಟ, ಭೂಗೋಳದಲ್ಲಿ ಹಾಸ್ಯಾಸ್ಪದ. ಭೌತವಿಜ್ಞಾನವು ಲೋಕದ ವಿಷಯವಾದ ಶಾಸ್ತ್ರವಾದ್ದರಿಂದ ಈ ದೋಷವನ್ನು ಸಣ್ಣದೆಂದು ಬಿಡುವಂತಿಲ್ಲ.

ಉತ್ತರವನ್ನು ಒಪ್ಪುವ ಅಂತರದ ಪ್ರಶ್ನೆಯೂ ಇದೆ. ಗುರುತ್ವದ ವೇಗೋತ್ಕರ್ಷವನ್ನು ಒಬ್ಬನು 9.8 ಎಂದೂ ಇನ್ನೊಬ್ಬನು 10 ಎಂದೂ ಹಿಡಿಯುತ್ತಾನೆ. ಇವೆರಡರ ನಡುವೆ ಶೇಕಡ 2ರಷ್ಟು ವ್ಯತ್ಯಾಸವಿದೆ. ಯಂತ್ರವು ಶೇಕಡ 1ರ ಅಂತರವನ್ನು ಮಾತ್ರ ಒಪ್ಪುವುದಾದರೆ, ಯಾವ ಬೆಲೆಯನ್ನು ಬಳಸಬೇಕೆಂದು ಪ್ರಶ್ನೆಯಲ್ಲಿಯೇ ಹೇಳದಿರುವುದು ಭಾಸ್ಕರನು ಖಂಡಿಸಿದ ಸಾಲದ ದತ್ತಾಂಶದ ದೋಷವೇ ಆಗುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಅಚ್ಚುಪುಸ್ತಕಗಳಲ್ಲಿಯೂ ತಪ್ಪುಗಳಿರಲಿಲ್ಲವೆ, ಯಂತ್ರವನ್ನು ಮಾತ್ರ ದೂಷಿಸುವುದೇಕೆ? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಹಿರಿಯರಿಗೂ ಪ್ರಮಾದ ತಪ್ಪಿದ್ದಲ್ಲ: ಸೊನ್ನೆಯಿಂದ ಭಾಗಿಸಿದ ರಾಶಿಯು ಹಾಗೆಯೇ ಉಳಿಯುತ್ತದೆಂದು ಮಹಾವೀರಾಚಾರ್ಯನು ಬರೆದನು, ಭಾಸ್ಕರನು ಅದನ್ನು ಬಿಟ್ಟು, ಅಂಥ ರಾಶಿಯನ್ನು ಖಹರವೆಂದು ಕರೆದು ಅನಂತವೆಂದು ತಿಳಿದನು, ಇಂದಿನ ಗಣಿತವು ಅಂಥ ಭಾಗಾಕಾರವನ್ನು ಒಪ್ಪುವುದೇ ಇಲ್ಲ. ಪರಿಶೋಧಕನನ್ನೂ ಪರಿಶೋಧಿಸಬೇಕೆಂಬುದಕ್ಕೆ ಇದು ನಿದರ್ಶನ. ನಮ್ಮ ಕಾಲದಲ್ಲಿಯೂ 2024ರ ಏಪ್ರಿಲಿನಲ್ಲಿ ನಡೆದ ರಾಜ್ಯದ ಸಾಮಾನ್ಯ ಪ್ರವೇಶಪರೀಕ್ಷೆಯಲ್ಲಿ ಪಠ್ಯಕ್ರಮದ ಹೊರಗಿನ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಆದರೆ ಆ ದೋಷವು ಹೊರಬಿದ್ದದ್ದು ಹೇಗೆ? ಪರೀಕ್ಷೆಗೆ ಕುಳಿತವರೆಲ್ಲರ ಮುಂದೆಯೂ ಅವೇ ಪ್ರಶ್ನೆಗಳಿದ್ದುದರಿಂದ, ಎಲ್ಲರೂ ಕೂಡಿ ದನಿಯೆತ್ತಲು ಸಾಧ್ಯವಾಯಿತು.

ನಮ್ಮ ದೃಷ್ಟಿಯಲ್ಲಿ ಮುಖ್ಯವಾದ ವ್ಯತ್ಯಾಸವು ಇಲ್ಲಿಯೇ ಇದೆ. ಒಂದೇ ಪ್ರಶ್ನೆಯನ್ನು ಇಡೀ ತರಗತಿಯು ಬಿಡಿಸುವಾಗ ದೋಷವು ಎಲ್ಲರ ದೋಷವಾಗುತ್ತದೆ; ಯಾರಿಗೂ ಉತ್ತರ ಬಾರದಿದ್ದರೆ ಮೊದಲು ಪ್ರಶ್ನೆಯ ಮೇಲೆಯೇ ಸಂದೇಹ ಹುಟ್ಟುತ್ತದೆ. ಪ್ರತಿಯೊಬ್ಬನಿಗೂ ಬೇರೆ ಸಂಖ್ಯೆಗಳು ಬಂದಾಗ, ಅರುವತ್ತು ಮಂದಿಯಲ್ಲಿ ಐವತ್ತೆಂಟು ಮಂದಿಗೆ ಲೆಕ್ಕವು ಸರಿಯಾಗಿಯೇ ಕೂಡುತ್ತದೆ. ಉಳಿದ ಇಬ್ಬರು ಒಬ್ಬಂಟಿಗರು. ಅವರಲ್ಲೊಬ್ಬಳು ಕುಷ್ಟಗಿಯದೋ ಯಲಬುರ್ಗದದೋ ಹಳ್ಳಿಯಿಂದ ಬಂದು, ಮನೆಯಲ್ಲಿ ಕೇಳಿ ತಿಳಿಯಲು ಓದಿದವರಿಲ್ಲದ ಹುಡುಗಿಯೆಂದು ಭಾವಿಸೋಣ. ಗೆಳತಿಯರಿಗೆಲ್ಲ ಬಂದ ಉತ್ತರವು ತನಗೆ ಮಾತ್ರ ಬಾರದಿರುವಾಗ ಅವಳು ಯಂತ್ರವನ್ನು ಸಂಶಯಿಸುವುದಿಲ್ಲ, ತನ್ನನ್ನು ಸಂಶಯಿಸುತ್ತಾಳೆ. ಭೌತವಿಜ್ಞಾನವು ತನಗೆ ಒಲಿಯದ ವಿದ್ಯೆಯೆಂದು ಒಂದು ಸಂಜೆಯಲ್ಲಿಯೇ ತೀರ್ಮಾನಿಸಿದರೂ ಆಶ್ಚರ್ಯವಿಲ್ಲ. ಆ ಸಂಜೆ ಅವಳ ಪಕ್ಕದಲ್ಲಿ ನಿಂತು, ಈ ಪ್ರಶ್ನೆಯೇ ದುಷ್ಟವಮ್ಮ, ನೀನಲ್ಲ ಎಂದು ಹೇಳುವವರು ಯಾರು?

ಹೇಳಬೇಕಾದವನು ಉಪಾಧ್ಯಾಯನು, ಅದನ್ನು ಹೇಳುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳಬೇಕಾದವನೂ ಅವನೇ. ಇದಕ್ಕೆ ಎರಡು ಮಾರ್ಗಗಳಿವೆ. ಎರಡನ್ನೂ ನಮ್ಮ ಹಿರಿಯರು ತುಳಿದು ತೋರಿಸಿದ್ದಾರೆ. ಒಂದು ಜನ್ಯದ ಮಾರ್ಗ. ಎಸೆದ ಚೆಂಡಿನ ಲೆಕ್ಕದಲ್ಲಿ ವೇಗವನ್ನೂ ಕಾಲವನ್ನೂ ಬೀಜಗಳಾಗಿ ಆರಿಸಿ ಎತ್ತರವನ್ನು ಅವುಗಳಿಂದ ಹುಟ್ಟಿಸಬೇಕು. ವೇಗ 20, ಕಾಲ 1 ಸೆಕೆಂಡು ಎಂದರೆ ಎತ್ತರ 15.1 ಮೀಟರು, ಚೆಂಡು ಆ ಎತ್ತರವನ್ನು ಮುಟ್ಟಿಯೇ ತೀರುತ್ತದೆ. ಇಳಿಯುವಾಗ ಸುಮಾರು 3.08 ಸೆಕೆಂಡಿನಲ್ಲಿ ಅದೇ ಎತ್ತರಕ್ಕೆ ಮತ್ತೊಮ್ಮೆ ಬರುವುದರಿಂದ, ಏರುವಾಗಿನ ಕಾಲವೋ ಇಳಿಯುವಾಗಿನ ಕಾಲವೋ ಎಂಬುದನ್ನು ಪ್ರಶ್ನೆಯಲ್ಲಿ ಸ್ಪಷ್ಟಪಡಿಸಬೇಕು. ಕಪಿಗಳ ಲೆಕ್ಕದಲ್ಲಿದ್ದಂತೆ ಇಲ್ಲಿ ಎರಡನೆಯ ಉತ್ತರವು ತ್ಯಾಜ್ಯವಲ್ಲ. ಇನ್ನೊಂದು ಅಕ್ಷೇತ್ರಪರೀಕ್ಷೆಯ ಮಾರ್ಗ. ಹುಟ್ಟಿದ ಪ್ರಶ್ನೆಯು ನಿಯಮಕ್ಕೆ ಒಳಪಡುತ್ತದೆಯೆ ಎಂದು ಯಂತ್ರವೇ ಪರೀಕ್ಷಿಸಿ, ಒಳಪಡದುದನ್ನು ತಳ್ಳಿಹಾಕುವಂತೆ ವಿಧಿಸಬೇಕು. ಹಲಗೆಯ ಕೋನದ ಸ್ಪರ್ಶಕವು ಘರ್ಷಣಾಂಕಕ್ಕಿಂತ ಹೆಚ್ಚಾಗಿರಲಿ. ನೀರು ಕೊಡಬಲ್ಲ ಉಷ್ಣವು ಮಂಜನ್ನೆಲ್ಲ ಕರಗಿಸಲು ಸಾಕಾಗಲಿ.

ಇವೆರಡರ ಮೇಲೆ ಕಣ್ಣಿನ ಪರೀಕ್ಷೆಯೊಂದು ಉಳಿಯುತ್ತದೆ. ಪ್ರತಿ ಚರದ ಕನಿಷ್ಠವನ್ನೂ ಗರಿಷ್ಠವನ್ನೂ ಕೂಡಿಸಿ ಹುಟ್ಟುವ ಮೂಲೆಯ ಪ್ರಶ್ನೆಗಳನ್ನೆಲ್ಲ ಉಪಾಧ್ಯಾಯನು ಕಾಗದ ಹಿಡಿದು ತಾನೇ ಬಿಡಿಸಬೇಕು. ದೋಷವು ಸಾಮಾನ್ಯವಾಗಿ ಮೂಲೆಗಳಲ್ಲಿಯೇ ಅಡಗಿರುತ್ತದೆ. ಅಚ್ಚನ್ನು ಬರೆದವನಲ್ಲದೆ ಇನ್ನೊಬ್ಬರು ಅದನ್ನು ಓದಬೇಕು. ತಾನು ಬರೆದುದರಲ್ಲಿ ತನಗೆ ಬೇಕಾದುದೇ ಕಾಣುವುದು ಮನುಷ್ಯಸ್ವಭಾವ. ಒಂದು ಪ್ರಶ್ನೆಯಲ್ಲಿ ಒಬ್ಬಿಬ್ಬರೇ ತಪ್ಪಿದರೆ ಅವರಿಗೆ ಬಂದ ಸಂಖ್ಯೆಗಳನ್ನು ಮೊದಲು ನೋಡಿ, ಆಮೇಲೆ ಅವರ ವಿಧಾನವನ್ನು ನೋಡಬೇಕು.

ಯಂತ್ರದಿಂದ ಆಗುವ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ನೂರಾರು ವಿದ್ಯಾರ್ಥಿಗಳಿಗೆ ನೂರಾರು ಲೆಕ್ಕಗಳನ್ನು ಕೊಟ್ಟು, ಅಂದೇ ಉತ್ತರವನ್ನು ತಿದ್ದುವ ಶಕ್ತಿ ಯಾವ ಗುರುವಿಗೂ ಇರಲಿಲ್ಲ. ಆದರೆ ಸಂಖ್ಯೆಗಳನ್ನು ಬದಲಿಸುವ ಕೆಲಸವನ್ನು ಮಾತ್ರ ಯಂತ್ರಕ್ಕೆ ವಹಿಸಬಹುದು. ಪ್ರಶ್ನೆಯ ಹೊಣೆಯನ್ನು ವಹಿಸಲಾಗದು. ಎಂಟುನೂರೆಪ್ಪತ್ತು ವರ್ಷಗಳಿಗೂ ಹಿಂದೆ ಭಾಸ್ಕರನು ಕಡ್ಡಿಗಳನ್ನು ನೆಲದ ಮೇಲೆ ಜೋಡಿಸಿ ನೋಡಿರೆಂದು ಸೂಚಿಸಿದನು. ಗೃಹಪಾಠವನ್ನು ವಿದ್ಯಾರ್ಥಿಗೆ ಕಳುಹಿಸುವ ಮೊದಲು ಆ ಕಡ್ಡಿಗಳನ್ನು ಒಮ್ಮೆ ಜೋಡಿಸಿ ನೋಡುವ ತಾಳ್ಮೆ ನಮ್ಮಲ್ಲಿದ್ದರೆ ಸಾಕು.